ಒಂದು ವರ್ಷದ ಹುಣ್ಣು

ಊರಿನ ಹೆಸರು ಹೊತ್ತ ವಸ್ತುಗಳು ನಮ್ಮಲ್ಲಿ ಎಷ್ಟಿಲ್ಲ! ಇಳಕಲ್ ಸೀರೆ, ಧಾರವಾಡ ಪೇಡೆ, ಮೈಸೂರು ಮಲ್ಲಿಗೆ, ನಂಜನಗೂಡಿನ ರಸಬಾಳೆ. ಪಶ್ಚಿಮ ಏಷ್ಯದ ಕೆಲವು ಊರುಗಳ ಪಾಲಿಗೆ ಹೀಗೆ ಬಂದದ್ದು ಒಂದು ಹುಣ್ಣು. ಅಲೆಪ್ಪೊ ಹುಣ್ಣು, ಬಾಗ್ದಾದ್ ಹುಣ್ಣು ಎಂದೆಲ್ಲ ಅದಕ್ಕೆ ಹೆಸರು. ನಮ್ಮ ದಿಲ್ಲಿಯೂ ತಪ್ಪಿಸಿಕೊಂಡಿಲ್ಲ. ಬ್ರಿಟಿಷ್ ವೈದ್ಯರು ಇದನ್ನೇ ‘ದಿಲ್ಲಿ ಕುರು’ ಎಂದು ಬರೆದಿಟ್ಟಿದ್ದಾರೆ. ಅಲೆಪ್ಪೊದ ಜನ ಮಾತ್ರ ಅದನ್ನು ಕರೆದದ್ದು ‘ವರ್ಷದ ಗುಳ್ಳೆ’ ಎಂದು. ಬಂದರೆ ಒಂದು ವರ್ಷ ಇದ್ದೇ ಹೋಗುತ್ತದೆ ಎಂಬುದು ಅವರ ಅನುಭವ.

ಸಮಾಜ ಪಾಠದ ತರಗತಿಯಲ್ಲಿ ರೇಷ್ಮೆ ದಾರಿಯ ನಕ್ಷೆ ಬಿಡಿಸುವಾಗ ಸಿರಿಯಾದ ಉತ್ತರಕ್ಕೆ ಅಲೆಪ್ಪೊ ಎಂದು ಒಂದು ಚುಕ್ಕೆ ಇಡಿಸುತ್ತೇನೆ. ರೇಷ್ಮೆ, ಸಾಬೂನು, ಪಿಸ್ತಾ ಎಂದು ಮಕ್ಕಳು ಬರೆದುಕೊಳ್ಳುತ್ತಾರೆ. ಆ ಊರಿನ ಹೆಣ್ಣುಮಕ್ಕಳ ಕೆನ್ನೆಯ ಮೇಲಿನ ಕಲೆಯ ಮಾತು ಯಾವ ಪಠ್ಯಪುಸ್ತಕದಲ್ಲೂ ಬರುವುದಿಲ್ಲ.

ಮೊದಲು ಒಂದು ಸಣ್ಣ ಕೆಂಪು ಗುಳ್ಳೆ. ಸೊಳ್ಳೆ ಕಚ್ಚಿದ್ದಿರಬೇಕು ಎಂದು ಯಾರೂ ಗಮನ ಕೊಡುವುದಿಲ್ಲ. ಕಚ್ಚಿ ಆಗಲೇ ಕೆಲವು ವಾರಗಳೋ ತಿಂಗಳುಗಳೋ ಕಳೆದಿರುತ್ತವೆ. ಗುಳ್ಳೆ ನಿಧಾನವಾಗಿ ದೊಡ್ಡದಾಗಿ, ನಡುವೆ ಹೊಪ್ಪಳೆ ಕಟ್ಟಿ, ಅದರ ಕೆಳಗೆ ಹುಣ್ಣಾಗುತ್ತದೆ. ಅಂಚು ದಿಬ್ಬದಂತೆ ಎದ್ದಿರುತ್ತದೆ. ವಿಚಿತ್ರವೆಂದರೆ ಸಾಮಾನ್ಯವಾಗಿ ನೋವೇ ಇರುವುದಿಲ್ಲ. ಮುಖ, ಕೈ, ಕಾಲು, ಹೀಗೆ ಬಟ್ಟೆ ಮುಚ್ಚದ ಕಡೆಯಲ್ಲೇ ಬರುವುದು ಹೆಚ್ಚು. ತಿಂಗಳುಗಟ್ಟಲೆ ಇದ್ದು ತಾನಾಗಿಯೇ ಮಾಯುತ್ತದೆ. ಆದರೆ ಆ ಜಾಗದಲ್ಲಿ ಚರ್ಮ ಕುಳಿಬಿದ್ದು ಬಾಳಿನುದ್ದಕ್ಕೂ ಕಲೆ ಉಳಿಯುತ್ತದೆ. ಇದರಿಂದ ಯಾರೂ ಸಾಯುವುದಿಲ್ಲವಲ್ಲ ಎಂದು ಪುಸ್ತಕ ಬರೆದವರು ಸಮಾಧಾನ ಹೇಳಿದ್ದಾರೆ. ಮದುವೆಗೆ ಬಂದ ಮಗಳ ತಾಯಿಗೆ ಅದು ಸಮಾಧಾನವೆ?

ಹದಿನೆಂಟನೆಯ ಶತಮಾನದ ನಡುವಿನಲ್ಲಿ ಅಲೆಪ್ಪೊದ ಇಂಗ್ಲಿಷ್ ವರ್ತಕರ ವೈದ್ಯನಾಗಿದ್ದ ಅಲೆಕ್ಸಾಂಡರ್ ರಸೆಲ್ 1756ರಲ್ಲಿ ಆ ಊರಿನ ಬಗ್ಗೆ ಒಂದು ದೊಡ್ಡ ಗ್ರಂಥ ಪ್ರಕಟಿಸಿ, ಈ ಹುಣ್ಣನ್ನೂ ವಿವರಿಸಿದ. ಆತನ ನಂತರ ಅಲ್ಲಿ ವೈದ್ಯನಾದವನು ತಮ್ಮ ಪ್ಯಾಟ್ರಿಕ್. ಈ ಪ್ಯಾಟ್ರಿಕ್ ಆಮೇಲೆ ನಮ್ಮ ದೇಶಕ್ಕೆ ಬಂದು, ಕರಾವಳಿಯ ಹಾವುಗಳನ್ನು ಅಭ್ಯಾಸ ಮಾಡಿದ. ನಮ್ಮ ಹೊಲಗದ್ದೆಗಳ ಕೊಳಕುಮಂಡಲಕ್ಕೆ ಇಂಗ್ಲಿಷಿನಲ್ಲಿ ಇರುವುದು ಈತನ ಹೆಸರೇ!

ಆಗ ಊರಿನವರು ದೂರುತ್ತಿದ್ದದ್ದು ಕುವೈಕ್ ಹೊಳೆಯ ನೀರನ್ನು. ತಪ್ಪು ನೀರಿನದಲ್ಲ. 1885ರಲ್ಲಿ ಕಲ್ಕತ್ತದಲ್ಲಿ ಕನಿಂಗ್‌ಹ್ಯಾಮ್ ಎಂಬ ವೈದ್ಯ ದಿಲ್ಲಿ ಕುರುವಿನೊಳಗೆ ಸೂಕ್ಷ್ಮಜೀವಿಗಳನ್ನು ಕಂಡ. 1898ರಲ್ಲಿ ತಾಷ್ಕೆಂಟಿನ ಬೊರೋವ್‌ಸ್ಕಿ ಸರಿಯಾಗಿ ಗುರುತಿಸಿದರೂ, ಬರೆದದ್ದು ರಷ್ಯನ್ ಭಾಷೆಯಲ್ಲಾದ್ದರಿಂದ ಹೊರಗಿನವರು ಓದಲಿಲ್ಲ. 1903ರಲ್ಲಿ ಬಾಸ್ಟನ್ನಿನ ರೈಟ್, ಅರ್ಮೇನಿಯಾದಿಂದ ಬಂದ ಒಂದು ಮಗುವಿನ ಹುಣ್ಣಿನಲ್ಲಿ ಅದನ್ನೇ ಕಂಡು ಪ್ರಕಟಿಸಿದ. ಆ ಜೀವಿಯ ಕುಲಕ್ಕೆ ಲೀಶ್ಮೇನಿಯ ಎಂಬ ಹೆಸರಾಯಿತು. ಬಿಹಾರ, ಬಂಗಾಳಗಳಲ್ಲಿ ಜೀವ ತೆಗೆದ ಕಾಲಾ ಅಜಾರ್ ಇದರ ದಾಯಾದಿ. ಹೊತ್ತು ತರುವುದು ಮರಳುನೊಣ. ಎಳ್ಳಿನಷ್ಟು ಗಾತ್ರ, ಸೊಳ್ಳೆಯಂತೆ ಗುಂಯ್ ಎನ್ನುವುದೂ ಇಲ್ಲ, ಸಾಮಾನ್ಯ ಸೊಳ್ಳೆಪರದೆಯ ಕಣ್ಣಿನಲ್ಲಿ ನುಸುಳಿಬಿಡುತ್ತದೆ. ಕಚ್ಚಿಯೇ ರೋಗ ಹರಡುತ್ತದೆ ಎಂದು ಜೆರುಸಲೇಮಿನಲ್ಲಿ ಆಡ್ಲರ್ ಮತ್ತು ಬೆರ್ ತೋರಿಸಿದ್ದು 1941ರಲ್ಲಿ.

ಇಷ್ಟೆಲ್ಲ ಪಂಡಿತರು ತಿಳಿಯುವ ಬಹಳ ಮುಂಚೆಯೇ ತಾಯಂದಿರಿಗೆ ಒಂದು ಸಂಗತಿ ತಿಳಿದಿತ್ತು: ಒಮ್ಮೆ ಬಂದು ಮಾಗಿದವರಿಗೆ ಇದು ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ. ಆದ್ದರಿಂದ ಆ ಸೀಮೆಯ ಹೆಂಗಸರು ಹುಣ್ಣಿನ ರಸವನ್ನು ತೆಗೆದು ಎಳೆಯ ಮಕ್ಕಳ ಮೈಯಲ್ಲಿ ಬಟ್ಟೆ ಮುಚ್ಚುವ ಕಡೆ ಗೀರಿ ಹಚ್ಚುತ್ತಿದ್ದರು. ಕೆಲವು ಬುಡಕಟ್ಟುಗಳಲ್ಲಿ ಕೂಸಿನ ಕುಂಡೆಯನ್ನು ಬೇಕೆಂದೇ ಬತ್ತಲೆ ಬಿಟ್ಟು ನೊಣಕ್ಕೆ ಒಡ್ಡುತ್ತಿದ್ದರಂತೆ. ಹೇಗೂ ಬರುವ ಕಲೆ, ಕಾಣದ ಕಡೆ ಬರಲಿ, ಮುಖ ಉಳಿಯಲಿ! ಕನಿಂಗ್‌ಹ್ಯಾಮ್, ರೈಟ್ ಎಂದು ಹೆಸರು ಹಿಡಿದು ಬರೆದೆ. ಈ ಹೆಂಗಸರಲ್ಲಿ ಒಬ್ಬಳ ಹೆಸರೂ ಚರಿತ್ರೆಗೆ ಗೊತ್ತಿಲ್ಲ. ನಮ್ಮ ಅಜ್ಜಿಯ ಮುಖದ ತುಂಬ ಸಿಡುಬಿನ ಕುಳಿಗಳಿದ್ದವು. ನನಗೆ ಎಡತೋಳಿನಲ್ಲಿ ದಾಕಿನ ಎರಡು ಗುರುತುಗಳಿವೆ, ರವಿಕೆಯ ತೋಳಿನ ಕೆಳಗೆ ಅಡಗಿ ಕೂತಿವೆ. ಆ ತಾಯಂದಿರ ಲೆಕ್ಕಾಚಾರ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಇದೇ ಉಪಾಯವನ್ನು ಆಮೇಲೆ ಸರ್ಕಾರಗಳೂ ಕೈಗೆತ್ತಿಕೊಂಡವು. 1980ರ ದಶಕದಲ್ಲಿ ಇರಾಕಿನೊಡನೆ ಯುದ್ಧವಾಗುತ್ತಿದ್ದಾಗ ಇರಾನ್ ತನ್ನ ಲಕ್ಷಾಂತರ ಸೈನಿಕರಿಗೆ ಹೀಗೆ ಚುಚ್ಚಿಸಿತು. ಕೆಲವರಿಗೆ ಚುಚ್ಚಿದ ಜಾಗದ ಹುಣ್ಣೇ ಬಹುಕಾಲ ಮಾಯದೆ ಕಾಡಿದ್ದರಿಂದ ಕೈಬಿಡಬೇಕಾಯಿತು. ಇಂದಿಗೂ ಮನುಷ್ಯರಿಗೆ ಒಪ್ಪಿಗೆಯಾದ ಲಸಿಕೆ ಬಂದಿಲ್ಲ. ಹುಣ್ಣಿಗೇ ಆಂಟಿಮನಿಯ ಚುಚ್ಚುಮದ್ದು ಕೊಡುತ್ತಾರೆ. ಹಲವು ಸಲ ಹೋಗಬೇಕು. ರಾಜಸ್ಥಾನದ ಬಿಕಾನೇರ್ ಕಡೆ ಈ ರೋಗ ಈಗಲೂ ಇದೆ. ಅಲ್ಲಿನ ವೈದ್ಯರು ಯಂತ್ರದಿಂದ ಹುಣ್ಣಿಗೆ 50 ಡಿಗ್ರಿ ಶಾಖವನ್ನು 30 ಸೆಕೆಂಡು ಕೊಟ್ಟು ಗುಣಪಡಿಸಿದ್ದಾರೆ.

2011ರಲ್ಲಿ ಸಿರಿಯಾದಲ್ಲಿ ಅಂತರ್ಯುದ್ಧ ಶುರುವಾಯಿತು. ಅಲೆಪ್ಪೊದ ಬೀದಿಬೀದಿಗಳೇ ಕುಸಿದವು. ಬಿದ್ದ ಗೋಡೆಗಳ ಬಿರುಕು, ಎತ್ತದೆ ಬಿಟ್ಟ ಕಸ, ಇವೇ ಮರಳುನೊಣದ ತವರು. ಆಸ್ಪತ್ರೆಗಳು ಮುಚ್ಚಿದವು, ನೊಣಕ್ಕೆ ಔಷಧಿ ಹೊಡೆಯುವವರು ಇಲ್ಲವಾದರು. 2012ರಲ್ಲಿ ಆ ದೇಶದಲ್ಲಿ 50 ಸಾವಿರಕ್ಕೂ ಹೆಚ್ಚು ಮಂದಿಗೆ ಹುಣ್ಣಾದದ್ದು ದಾಖಲಾಗಿದೆ. ಈ ರೋಗ ಅಪರೂಪವೇ ಆಗಿದ್ದ ಲೆಬನಾನಿನಲ್ಲಿ 2013ರಲ್ಲಿ ಸಾವಿರಕ್ಕೂ ಹೆಚ್ಚು ಜನರಲ್ಲಿ ಕಾಣಿಸಿತು. ಬಹುಪಾಲು ಸಿರಿಯಾದಿಂದ ಓಡಿಬಂದ ನಿರಾಶ್ರಿತರು, ಅವರಲ್ಲಿ ಮಕ್ಕಳೇ ಬಹಳ.

ಇಂಥದೇ ಯುದ್ಧಗಳಿಂದ ಜರ್ಜರಿತವಾದ ಕಾಬೂಲಿನಲ್ಲೂ ಇದು ಹಬ್ಬಿದೆ. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಒಂದೇ ನಗರದಲ್ಲಿ 67,500 ರೋಗಿಗಳಿದ್ದಾರೆಂದು ಅಂದಾಜು ಮಾಡಿತ್ತು. ಮುಟ್ಟಿದರೆ ಅಂಟುತ್ತದೆಂಬ ಭಯ ಅಲ್ಲಿನ ಮನೆಗಳಲ್ಲಿದೆ. ಹುಣ್ಣಾದವಳಿಗೆ ತಟ್ಟೆ ಲೋಟ ಬೇರೆ ಇಡುತ್ತಾರೆ, ತಾಯಿಯಾದರೆ ಕೂಸನ್ನು ಎತ್ತಿಕೊಳ್ಳಲು ಬಿಡುವುದಿಲ್ಲ. ಮುಟ್ಟಿದರೆ ಅದು ಬರುವುದಿಲ್ಲ. ನೊಣ ಕಚ್ಚಿದರೆ ಮಾತ್ರ ಬರುತ್ತದೆ.