ಕಾಗದದ ವಿಮಾನ

ಫತೇಗಂಜ್‌ನ ನಮ್ಮ ಬಾಡಿಗೆ ಮನೆಯ ತಾರಸಿಯಲ್ಲಿ ಮಗಳ ಕಾಗದದ ವಿಮಾನ ಮೂತಿ ಎತ್ತಿ, ತಡವರಿಸಿ, ಬಿತ್ತು. ಹಿಂಭಾಗ ಭಾರವಾಗಿತ್ತು. ಮೂತಿಗೆ ಇನ್ನೊಂದು ಮಡಿಕೆ ಹಾಕಿದೆವು. ತೇಲಿತು.

"ವಿಮಾನ ಮೊದಲು ಮಾಡಿದ್ದು ನಮ್ಮೋರೇ ಅಲ್ವಾ ಅಪ್ಪಾ?"

ಹಾಗೆಂದು ಅವಳಿಗೆ ಹೇಳಿದ್ದು ನಾನೇ. ಹೈಸ್ಕೂಲಿನಲ್ಲಿ ಕೇಳಿ ಬೀಗಿದ್ದ ಮಾತದು. ಅದರ ಮೂಲ 'ವೈಮಾನಿಕ ಶಾಸ್ತ್ರ'. ಭರದ್ವಾಜ ಮಹರ್ಷಿಯದೆಂದು ಆನೇಕಲ್ ಸುಬ್ಬರಾಯ ಶಾಸ್ತ್ರಿಗಳು 20ನೇ ಶತಮಾನದ ಆರಂಭದಲ್ಲಿ ಹೇಳಿ ಬರೆಸಿದ್ದು. ಚಿತ್ರ ಬರೆದವರು ಬೆಂಗಳೂರಿನ ಎಲ್ಲಪ್ಪ. ಅದರದೊಂದು ಹಸ್ತಪ್ರತಿ 1944ರ ಹೊತ್ತಿಗೆ ಇದೇ ಬರೋಡದ ರಾಜಕೀಯ ಸಂಸ್ಕೃತ ಗ್ರಂಥಾಲಯದಲ್ಲಿತ್ತು. ಊರು ಬಿಟ್ಟು ಇಲ್ಲಿಗೆ ಬಂದವರಲ್ಲಿ ನಾನೇ ಮೊದಲಿಗನಲ್ಲ!

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮತ್ತು ನಾಲ್ವರು ಸಂಗಡಿಗರು ಅದನ್ನು ಪರಿಶೀಲಿಸಿದರು. ಕೃತಿ 1904ಕ್ಕಿಂತ ಹಿಂದಿನದಲ್ಲ. ಶಕುನ, ಸುಂದರ, ರುಕ್ಮ, ತ್ರಿಪುರ, ಈ ನಾಲ್ಕರಲ್ಲಿ ಯಾವ ವಿಮಾನವೂ ಹಾರುವಂಥದ್ದಲ್ಲ ಎಂದು ತೀರ್ಮಾನಿಸಿದರು. ಬೀಗಲೇಬೇಕೆಂದರೆ ಇಲ್ಲಿ ಬೀಗಬಹುದು: ಒರೆಗೆ ಹಚ್ಚಿದವರೂ ನಮ್ಮವರೇ.

"ಇಲ್ಲ ಪುಟ್ಟಿ, ನಾನು ಹೇಳಿದ್ದು ತಪ್ಪು" ಎಂದೆ.

ಅವಳಿಗೆ ಬೇಜಾರೇನೂ ಆಗಲಿಲ್ಲ. ರೆಕ್ಕೆಯ ಹಿಂದಿನ ಅಂಚನ್ನು ಕೊಂಚ ಮೇಲಕ್ಕೆ ಬಾಗಿಸುತ್ತಾ, "ಸರಿ, ಇದನ್ನ ಹಾರಿಸಿ ನೋಡೋಣ" ಎಂದಳು.