ರೈಮನ್ ಸಭಾಂಗಣದ ಕಪ್ಪಂಗಿ ಗಾಯಕ

1969ರ ಅಮೆರಿಕದಲ್ಲಿ ಒಂದೇ ಸೂರಿನಡಿ ಎರಡು ದೇಶಗಳು ಬಾಳುತ್ತಿದ್ದವು. ವಿಯೆಟ್ನಾಂ ಯುದ್ಧ ಮನೆಮನೆಯೊಳಕ್ಕೂ ಹೊಕ್ಕು ಅಪ್ಪನನ್ನೂ ಮಗನನ್ನೂ ಎದುರಾಳಿಗಳನ್ನಾಗಿಸಿತ್ತು. ಅಪ್ಪ ಕೇಳುವ ಹಾಡು ಮಗನಿಗೆ ಹಳಸಲು, ಮಗ ಕೇಳುವ ಹಾಡು ಅಪ್ಪನಿಗೆ ಗದ್ದಲ. ಆದರೂ ಸಂಜೆಯಾದರೆ ಇಬ್ಬರೂ ಕೂರುತ್ತಿದ್ದುದು ಅದೇ ಟೆಲಿವಿಷನ್ ಮುಂದೆ. ಅದರ ಮೇಲೆ ಸಿಬಿಎಸ್, ಎನ್‌ಬಿಸಿ, ಎಬಿಸಿ ಎಂಬ ಮೂರು ಜಾಲಗಳ ಅಧಿಪತ್ಯ. ಆ ವರ್ಷ ಜೂನ್ 7ರ ಶನಿವಾರ ರಾತ್ರಿ ಎಬಿಸಿಯ ಪರದೆಯ ಮೇಲೆ ಕಪ್ಪು ಕೋಟು ತೊಟ್ಟ, 37 ವರ್ಷದ ಎತ್ತರದ ಆಳೊಬ್ಬ ತನ್ನ ಹೆಸರನ್ನು ತಾನೇ ಹೇಳಿಕೊಂಡು ಹಾಡಿಗೆ ನಿಂತ. ಹಾಡು ಕಟ್ಟುವುದರಲ್ಲೂ ಹಾಡುವುದರಲ್ಲೂ ಅಷ್ಟರಲ್ಲೇ ಹೆಸರಾಗಿದ್ದ ಜಾನಿ ಕ್ಯಾಶ್ ಟೆಲಿವಿಷನ್ನಿನ ಯಜಮಾನಿಕೆಗೆ ಬಂದದ್ದು ಹೀಗೆ.

ಅವನು ನಿಂತ ನೆಲಕ್ಕೂ ಒಂದು ಚರಿತ್ರೆಯಿತ್ತು. ಟೆನೆಸೀ ರಾಜ್ಯದ ನ್ಯಾಶ್‌ವಿಲ್ ನಗರದಲ್ಲಿ ಹಬೆದೋಣಿಗಳ ಒಡೆಯ ಥಾಮಸ್ ರೈಮನ್ ಒಬ್ಬ ಬೋಧಕನ ಮಾತಿಗೆ ಮನಸೋತು ಕಟ್ಟಿಸಿದ ಪ್ರಾರ್ಥನಾಮಂದಿರ ಅದು, 1892ರಲ್ಲಿ ಪೂರ್ತಿಯಾಯಿತು. 1943ರಿಂದ ಅದು ‘ಗ್ರ್ಯಾಂಡ್ ಓಲ್ ಆಪ್ರಿ’ ಎಂಬ ರೇಡಿಯೋ ಕಾರ್ಯಕ್ರಮದ ನೆಲೆಯಾಗಿ, ಕಂಟ್ರಿ ಸಂಗೀತದವರ ಪಾಲಿಗೆ ಗುರುಪೀಠವೇ ಆಯಿತು. 1965ರಲ್ಲಿ ಆ ಪೀಠದಿಂದ ಬಹಿಷ್ಕೃತನಾದವನು ಇದೇ ಕ್ಯಾಶ್. ಉತ್ತೇಜಕ ಮಾತ್ರೆಗಳ ಅಮಲಿನಲ್ಲಿ ಮೈಕಿನ ಕೋಲನ್ನು ಎಳೆದಾಡಿ ವೇದಿಕೆಯಂಚಿನ ದೀಪಗಳನ್ನೆಲ್ಲ ಒಡೆದಿದ್ದ. ಇನ್ನು ಇತ್ತ ಬರಬೇಡ ಎಂದು ಆಡಳಿತದವರು ಕಳಿಸಿಬಿಟ್ಟರು. ಅದೇ ವರ್ಷ ಟೆಕ್ಸಾಸಿನ ಎಲ್ ಪಾಸೋ ವಿಮಾನ ನಿಲ್ದಾಣದಲ್ಲಿ ಅವನ ಬಳಿ ಸಾವಿರಕ್ಕೂ ಮಿಕ್ಕಿದ ಮಾತ್ರೆಗಳು ಸಿಕ್ಕಿ ಸೆರೆಯಾದ. ಇಂಥವನು ನಾಲ್ಕು ವರ್ಷದ ಬಳಿಕ ಅದೇ ರೈಮನ್ ವೇದಿಕೆಗೆ ಯಜಮಾನನಾಗಿ ಮರಳಿದ. ಹಾಲಿವುಡ್ಡಿನ ಸ್ಟುಡಿಯೋಗಳಲ್ಲಲ್ಲ, ರೈಮನ್‌ನಲ್ಲೇ ಚಿತ್ರೀಕರಣ ನಡೆಯಬೇಕೆಂಬುದು ಅವನದೇ ಪಟ್ಟು. ಅಲ್ಲಿ ಹವಾನಿಯಂತ್ರಣವಿರಲಿಲ್ಲ. ಮರದ ಬೆಂಚುಗಳ ಮೇಲೆ ಪ್ರೇಕ್ಷಕರು, ವೇದಿಕೆಯ ಮೇಲೆ ಕಲಾವಿದರು, ಎಲ್ಲರೂ ಚಿತ್ರೀಕರಣದ ದೀಪಗಳ ಕಾವಿಗೆ ಬೆವರುತ್ತಲೇ ಕಾರ್ಯಕ್ರಮ ನಡೆಸಿಕೊಟ್ಟರು.

ಬೀಳುವುದೂ ಏಳುವುದೂ ಅವನ ಬಾಳಿಗೆ ಹೊಸದಲ್ಲ. 1932ರ ಫೆಬ್ರವರಿ 26ರಂದು ಅರ್ಕನ್ಸಾ ರಾಜ್ಯದ ಕಿಂಗ್ಸ್‌ಲ್ಯಾಂಡ್‌ನಲ್ಲಿ ಹುಟ್ಟಿದ. ಮಹಾ ಆರ್ಥಿಕ ಕುಸಿತದಲ್ಲಿ ನೆಲೆ ತಪ್ಪಿದ ರೈತರಿಗಾಗಿ ರೂಸ್‌ವೆಲ್ಟ್ ಸರ್ಕಾರ ಡೈಯೆಸ್ ಎಂಬಲ್ಲಿ ಒಂದು ವಸಾಹತು ಕಟ್ಟಿತ್ತು. 1935ರಲ್ಲಿ ಕ್ಯಾಶ್ ಕುಟುಂಬಕ್ಕೆ ಅಲ್ಲಿ 20 ಎಕರೆ ಜಮೀನೂ ಒಂದು ಮನೆಯೂ ದಕ್ಕಿದವು. ಹುಡುಗ ತಾಯಿಯ ಜೊತೆ ದೇವರ ಹಾಡು ಹೇಳುತ್ತ ಹತ್ತಿ ಬಿಡಿಸಿದ. 1944ರಲ್ಲಿ ಅಣ್ಣ ಜ್ಯಾಕ್ ಗರಗಸದ ಯಂತ್ರಕ್ಕೆ ಸಿಕ್ಕಿ ಸತ್ತ; ಆ ದುಃಖ ತಮ್ಮನ ದನಿಯಿಂದ ಕೊನೆಯವರೆಗೂ ಅಳಿಯಲಿಲ್ಲ. ಮುಂದೆ ವಾಯುಪಡೆ ಸೇರಿ ಪಶ್ಚಿಮ ಜರ್ಮನಿಯ ಲ್ಯಾಂಡ್ಸ್‌ಬರ್ಗ್‌ನಲ್ಲಿ ಸೋವಿಯತ್ ತಂತಿಸಂಕೇತಗಳಿಗೆ ಕಿವಿಗೊಟ್ಟು ಕುಳಿತ. ಬಿಡುವಿನಲ್ಲಿ ಗಿಟಾರ್ ಹಿಡಿದು ಹಾಡು ಕಟ್ಟಿದ. 1955ರಲ್ಲಿ ಮೆಂಫಿಸ್‌ನ ಸನ್ ಕಂಪನಿ ಅವನ ಮೊದಲ ಧ್ವನಿಮುದ್ರಿಕೆ ಹೊರತಂದಿತು. ಮರುವರ್ಷದ ‘ಐ ವಾಕ್ ದ ಲೈನ್’ ಅವನನ್ನು ದೇಶಕ್ಕೆಲ್ಲ ಪರಿಚಯಿಸಿತು.

ಮಾತ್ರೆಗಳು ಕಳೆದದ್ದನ್ನು ಮರಳಿ ತಂದುಕೊಟ್ಟದ್ದು ಸೆರೆಮನೆ. 1968ರ ಜನವರಿ 13ರಂದು ಕ್ಯಾಲಿಫೋರ್ನಿಯಾದ ಫೋಲ್ಸಮ್ ಜೈಲಿನ ಕೈದಿಗಳೆದುರು ಹಾಡಿದ ಹಾಡುಗಳ ಮುದ್ರಿಕೆ ಅವನ ಅದೃಷ್ಟದ ಗಾಲಿಯನ್ನು ತಿರುಗಿಸಿತು. ಆ ಮಾರ್ಚ್‌ನಲ್ಲಿ ಜೂನ್ ಕಾರ್ಟರ್ ಅವನ ಮಡದಿಯಾದಳು. 1969ರ ಫೆಬ್ರವರಿಯಲ್ಲಿ ಸ್ಯಾನ್ ಕ್ವೆಂಟಿನ್ ಜೈಲಿನಲ್ಲಿ ಹಾಡಿದಾಗ ಇಂಗ್ಲೆಂಡಿನ ಗ್ರನಾಡಾ ಟೆಲಿವಿಷನ್ನಿನ ಕ್ಯಾಮೆರಾಗಳೂ ಅಲ್ಲಿದ್ದವು. ಎಬಿಸಿಯ ಕರೆ ಬಂದದ್ದು ಈ ಏರುಕಾಲದಲ್ಲಿ, ಅದೂ ಬೇಸಿಗೆಯ ತಿಂಗಳುಗಳ ಖಾಲಿ ಜಾಗ ತುಂಬಲೆಂದು. ಜನ ಒಪ್ಪಿಕೊಂಡರು. 1970ರ ಜನವರಿಯಿಂದ ಬುಧವಾರಗಳು ಅವನ ಪಾಲಿಗೆ ಬಂದವು.

ಆ ಕಾಲದ ಸಂಗೀತ ಕಾರ್ಯಕ್ರಮಗಳಿಗೆ ಒಂದು ಕಟ್ಟಳೆಯಿತ್ತು: ಹಾಸ್ಯದವರು, ಸಿನಿಮಾ ತಾರೆಯರು, ಯಾರನ್ನೂ ನೋಯಿಸದ ನಾಲ್ಕು ಹಾಡು. ಜಾಲದವರ ಒತ್ತಾಯಕ್ಕೆ ಕ್ಯಾಶ್ ಇದರಲ್ಲಿ ಒಂದಿಷ್ಟನ್ನು ಒಪ್ಪಿಕೊಂಡ. ಉಳಿದ ಸಮಯದಲ್ಲಿ ತನಗೆ ಬೇಕಾದವರನ್ನು ಕರೆತಂದ. ಮೊದಲ ಕಂತಿನಲ್ಲೇ ಜೋನಿ ಮಿಚೆಲ್ ಹಾಡಿದಳು. ಟೆಲಿವಿಷನ್ ಎಂದರೆ ದೂರ ಸರಿಯುತ್ತಿದ್ದ ಬಾಬ್ ಡಿಲನ್ ಬಂದು ಅವನ ಮಗ್ಗುಲಲ್ಲೇ ಕೂತು ದನಿಗೂಡಿಸಿದ. ಎಡಪಂಥೀಯನೆಂದು ವರ್ಷಗಟ್ಟಲೆ ಪರದೆಯಿಂದ ದೂರವಿಡಲಾಗಿದ್ದ ಪೀಟ್ ಸೀಗರ್‌ಗೂ 1970ರಲ್ಲಿ ಆ ವೇದಿಕೆ ಸಿಕ್ಕಿತು. ಅದೇ ವರ್ಷ ಲೂಯಿ ಆರ್ಮ್‌ಸ್ಟ್ರಾಂಗ್ ಬಂದ. 1930ರಲ್ಲಿ ಕಂಟ್ರಿ ಸಂಗೀತದ ಆದಿಪುರುಷ ಜಿಮ್ಮಿ ರಾಜರ್ಸ್‌ನ ಹಾಡೊಂದಕ್ಕೆ ಕಹಳೆಯೂದಿದ್ದ ಕಪ್ಪು ಕಲಾವಿದ ಅವನು. 40 ವರ್ಷದ ಮೇಲೆ ಅದೇ ಹಾಡನ್ನು ಕ್ಯಾಶ್ ಹಾಡಿದ, ಆರ್ಮ್‌ಸ್ಟ್ರಾಂಗ್ ಕಹಳೆಯೂದಿದ. ಕಂಟ್ರಿ ಸಂಗೀತ ಬಿಳಿಯರ ಸ್ವತ್ತೆಂದು ನಂಬಿದ್ದವರಿಗೆ ಅದರ ಬೇರು ಎಲ್ಲೆಲ್ಲಿ ಹರಿದಿತ್ತೆಂದು ಭಾಷಣವಿಲ್ಲದೆ ತಿಳಿಯಿತು.

ಮರ್ಲ್ ಹ್ಯಾಗರ್ಡ್‌ನ ಪ್ರಸಂಗ ಇನ್ನೂ ಸ್ವಾರಸ್ಯದ್ದು. ಸ್ಯಾನ್ ಕ್ವೆಂಟಿನ್‌ನಲ್ಲಿ ಶಿಕ್ಷೆ ಅನುಭವಿಸಿ ಬಂದಿದ್ದ ಆ ಗಾಯಕ ಅದನ್ನು ಕೇಳುಗರಿಂದ ಮುಚ್ಚಿಟ್ಟಿದ್ದ. ಬಚ್ಚಿಟ್ಟದ್ದನ್ನು ಬೇರೆಯವರು ಬಯಲಿಗೆಳೆಯುವ ಮೊದಲು ನೀನೇ ಹೇಳಿಬಿಡು ಎಂಬುದು ಕ್ಯಾಶ್‌ನ ಸಲಹೆ. ಕಾರ್ಯಕ್ರಮದಲ್ಲಿ, ಹಿಂದೆ ಹ್ಯಾಗರ್ಡ್ ಕೈದಿಯಾಗಿದ್ದಾಗ ಕ್ಯಾಶ್ ಆ ಜೈಲಿನಲ್ಲಿ ನಡೆಸಿದ್ದ ಕಛೇರಿಯ ಮಾತು ಬಂದಾಗ, ಅಂದು ನೀನು ಹಾಡಿದ ನೆನಪಿಲ್ಲವಲ್ಲ ಎಂದ ಕ್ಯಾಶ್. ತಾನಿದ್ದದ್ದು ಪ್ರೇಕ್ಷಕರ ಸಾಲಿನಲ್ಲಿ ಎಂದ ಹ್ಯಾಗರ್ಡ್. ಅವನ ಕೀರ್ತಿ ಕುಂದಲಿಲ್ಲ, ಹೆಚ್ಚಿತು.

ಜಾಲದವರೊಡನೆ ಜಟಾಪಟಿಯೂ ತಪ್ಪಲಿಲ್ಲ. ನ್ಯಾಶ್‌ವಿಲ್‌ನ ಕೊಲಂಬಿಯಾ ಸ್ಟುಡಿಯೋದಲ್ಲಿ ಕಸ ಗುಡಿಸುತ್ತ ಹಾಡು ಬರೆಯುತ್ತಿದ್ದ ಕ್ರಿಸ್ ಕ್ರಿಸ್ಟಾಫರ್ಸನ್‌ನ ‘ಸಂಡೇ ಮಾರ್ನಿಂಗ್ ಕಮಿಂಗ್ ಡೌನ್’ ಹಾಡಿನಲ್ಲಿ ಅಮಲನ್ನು ಸೂಚಿಸುವ ಒಂದು ಪದವಿತ್ತು. ಅದನ್ನು ಬದಲಿಸೆಂದು ಸೂಚನೆ ಬಂತು. ಕವಿ ಬರೆದಂತೆಯೇ ಕ್ಯಾಶ್ ಹಾಡಿದ. 1970ರಲ್ಲಿ ಆ ಹಾಡಿಗೆ ಕಂಟ್ರಿ ಸಂಗೀತ ಸಂಘದ ವರ್ಷದ ಗೀತೆ ಎಂಬ ಮನ್ನಣೆ ಬಂತು. ಆ ಏಪ್ರಿಲ್‌ನಲ್ಲಿ ಅಧ್ಯಕ್ಷ ನಿಕ್ಸನ್ ಶ್ವೇತಭವನಕ್ಕೆ ಕರೆಸಿದಾಗಲೂ ಇದೇ ಠೀವಿ. ಪ್ರತಿಭಟನಾಕಾರರನ್ನೂ ಸರ್ಕಾರಿ ನೆರವು ಪಡೆವ ಬಡವರನ್ನೂ ಗೇಲಿಮಾಡುವ ಎರಡು ಹಾಡುಗಳಿಗೆ ಅಲ್ಲಿಂದ ಕೋರಿಕೆ ಬಂದಿತ್ತು. ಅವನ್ನು ಬಿಟ್ಟು, ಯುವಕರ ಪ್ರಶ್ನೆಗಳ ಪರ ನಿಲ್ಲುವ ತನ್ನದೇ ಹಾಡನ್ನು ಹಾಡಿದ. ಆದರೆ ಅವನು ನಿಕ್ಸನ್‌ನ ವೈರಿಯೂ ಅಲ್ಲ. ಶಾಂತಿಗಾಗಿ ಅಧ್ಯಕ್ಷ ಪಡುವ ಯತ್ನಕ್ಕೆ ಬೆಂಬಲವೆಂದು ಪರದೆಯ ಮೇಲೆ ಹೇಳಿದವನೂ ಅವನೇ. ಅಪ್ಪನೂ ಮಗನೂ ತಂತಮ್ಮ ಕಾರಣಕ್ಕೆ ಅವನನ್ನು ನಂಬಿದ್ದು ಇದರಿಂದಲೇ.

1971ರ ಫೆಬ್ರವರಿ 17ರಂದು ಪ್ರಸಾರವಾದ ಕಂತು ವಿದ್ಯಾರ್ಥಿಗಳಿಗೆ ಮೀಸಲು. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಹುಡುಗರೊಡನೆ ಮಾತಾಡಿ ಬಂದು, ತಾನೇಕೆ ಕಪ್ಪು ತೊಡುತ್ತೇನೆಂಬುದಕ್ಕೆ ಉತ್ತರವಾಗಿ ಹಾಡೊಂದನ್ನು ಬರೆದ. ಬಡವರಿಗಾಗಿ, ಕೈದಿಗಳಿಗಾಗಿ, ಯುದ್ಧದಲ್ಲಿ ಅಳಿಯುವ ಎಳೆಯರಿಗಾಗಿ ಈ ಬಣ್ಣ ಎಂಬುದು ಅದರ ತಾತ್ಪರ್ಯ. ‘ಮ್ಯಾನ್ ಇನ್ ಬ್ಲ್ಯಾಕ್’ ಮುಂದೆ ಅವನ ಬಿರುದೇ ಆಯಿತು.

ಆದರೆ ಜಾಲಗಳು ಬೇರೊಂದು ಲೆಕ್ಕ ಹಾಕುತ್ತಿದ್ದವು. ಎಷ್ಟು ಮಂದಿ ನೋಡುತ್ತಾರೆ ಎಂಬುದಕ್ಕಿಂತ ಯಾರು ನೋಡುತ್ತಾರೆ ಎಂಬುದು ಜಾಹೀರಾತುದಾರರಿಗೆ ಮುಖ್ಯವಾಗಿತ್ತು. ಅವರಿಗೆ ಬೇಕಾದವರು ನಗರದ ಯುವಕರು. ಹಳ್ಳಿಯವರೂ ವಯಸ್ಸಾದವರೂ ನಷ್ಟದ ಬಾಬತ್ತು. ಜೊತೆಗೆ ಸಂಜೆಯ ಹೊತ್ತಿನಲ್ಲಿ ಜಾಲಗಳ ಪಾಲನ್ನು ಮೊಟಕುಗೊಳಿಸುವ ಸರ್ಕಾರಿ ನಿಯಮ ಆ ಶರತ್ಕಾಲಕ್ಕೆ ಜಾರಿಯಾಗಲಿತ್ತು. ಸಿಬಿಎಸ್ ತನ್ನ ಹಳ್ಳಿಗಾಡಿನ ಕಾರ್ಯಕ್ರಮಗಳನ್ನು ಸಾಲಾಗಿ ಕಿತ್ತುಹಾಕಿತು. ಎಬಿಸಿ ವಾದ್ಯವೃಂದದ ನಾಯಕ ಲಾರೆನ್ಸ್ ವೆಲ್ಕ್‌ನನ್ನು ಕೈಬಿಟ್ಟಿತು, ಕ್ಯಾಶ್‌ನನ್ನೂ ಕೈಬಿಟ್ಟಿತು. 1971ರ ಮಾರ್ಚ್ ಅಂತ್ಯಕ್ಕೆ, 58 ಕಂತುಗಳ ಬಳಿಕ, ಅವನ ಆಳ್ವಿಕೆ ಮುಗಿಯಿತು. 1974ರಲ್ಲಿ ‘ಕೊಲಂಬೊ’ ಧಾರಾವಾಹಿಯಲ್ಲಿ ಕೊಲೆಗಾರ ಗಾಯಕನಾಗಿ ನಟಿಸಿದ. 1976ರ ಬೇಸಿಗೆಯಲ್ಲಿ ಸಿಬಿಎಸ್ ಅವನಿಗೊಂದು ಕಿರು ಸರಣಿ ಕೊಟ್ಟಿತು. 2003ರ ಸೆಪ್ಟೆಂಬರ್‌ನಲ್ಲಿ ತೀರಿಕೊಳ್ಳುವವರೆಗೂ ಟೆಲಿವಿಷನ್ನಿಗೆ ಬಂದುಹೋಗುತ್ತಲೇ ಇದ್ದ, ಆದರೆ ರೈಮನ್‌ನಲ್ಲಿದ್ದ ಯಜಮಾನಿಕೆ ಮತ್ತೆ ಕೈಸೇರಲಿಲ್ಲ.

ಆ 58 ಕಂತುಗಳ ಫಲವನ್ನು ಹೆಚ್ಚಾಗಿ ಉಂಡವರು ಅವನ ಅತಿಥಿಗಳು. ವಿದ್ಯಾರ್ಥಿಗಳ ಕಂತಿಗೆಂದು ನ್ಯಾಶ್‌ವಿಲ್‌ಗೆ ಬಂದಿದ್ದ ನೀಲ್ ಯಂಗ್, ಬಂದ ಕೆಲಸದ ನಡುವೆ ಅಲ್ಲಿನ ಸ್ಟುಡಿಯೋವೊಂದಕ್ಕೆ ಹೋದ. ಅದೇ ಕಂತಿನ ಅತಿಥಿಗಳಾದ ಜೇಮ್ಸ್ ಟೇಲರ್ ಮತ್ತು ಲಿಂಡಾ ರಾನ್‌ಸ್ಟಾಟ್ ಅವನಿಗೆ ದನಿಗೂಡಿಸಿದರು. ಅಲ್ಲಿ ಮುದ್ರಣಗೊಂಡ ‘ಹಾರ್ಟ್ ಆಫ್ ಗೋಲ್ಡ್’ 1972ರಲ್ಲಿ ಅಮೆರಿಕದ ಮೊದಲ ಸ್ಥಾನಕ್ಕೇರಿತು. ಆ ಮೂವರನ್ನು ಒಂದೂರಿಗೆ ಕರೆಸಿದ್ದ ಕಾರ್ಯಕ್ರಮ ಆ ಹೊತ್ತಿಗೆ ರದ್ದಾಗಿ ಸುಮಾರು ಒಂದು ವರ್ಷವಾಗಿತ್ತು.