ಗುಲಾಮನು ಒಡೆಯನನ್ನು ಕ್ಷಮಿಸಿದಾಗ

ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಕೇವಲ 25 ವಚನಗಳ ಒಂದು ಪುಟ್ಟ ಪತ್ರವಿದೆ. ಸೆರೆಯಲ್ಲಿದ್ದ ಪೌಲನು ಫಿಲೆಮೋನನೆಂಬ ಕ್ರೈಸ್ತ ಗೆಳೆಯನಿಗೆ ಬರೆದದ್ದು. ಫಿಲೆಮೋನನಿಂದ ಅಗಲಿದ್ದ ಗುಲಾಮ ಒನೇಸಿಮನು ಪೌಲನ ಬಳಿ ಕ್ರೈಸ್ತನಾಗಿದ್ದ. ಅವನನ್ನು ಹಿಂದಕ್ಕೆ ಕಳುಹಿಸುತ್ತ, ಇನ್ನು ಮೇಲೆ ತಮ್ಮನಂತೆ ಕಾಣು, ಅವನ ಬಾಕಿಯೇನಿದ್ದರೂ ನಾನು ತೀರಿಸುತ್ತೇನೆ ಎಂದು ಪೌಲ ಕೇಳಿಕೊಳ್ಳುತ್ತಾನೆ. ಆದರೆ ಗುಲಾಮಗಿರಿಯೇ ಅನ್ಯಾಯವೆಂದು ಹೇಳುವುದಿಲ್ಲ. ಆ ಮೌನವನ್ನೇ ಹಿಡಿದುಕೊಂಡು ಅಮೆರಿಕದ ದಕ್ಷಿಣ ಸಂಸ್ಥಾನಗಳ ಬೋಧಕರು ಗುಲಾಮರನ್ನು ಹಿಡಿದೊಪ್ಪಿಸುವುದಕ್ಕೂ ಈ ಪತ್ರವನ್ನೇ ಆಧಾರ ಮಾಡಿಕೊಂಡರು!

ಈ ಪತ್ರದಲ್ಲಿ ಕ್ಷಮಿಸಬೇಕಾದವನು ಒಡೆಯ. ಕ್ಷಮಿಸಬೇಕಾದವನು ಗುಲಾಮನೇ ಆಗಿದ್ದರೆ? ಫ್ರೆಡರಿಕ್ ಡಗ್ಲಸ್‌ನ ಬಾಳಿನಲ್ಲಿ ಆದದ್ದು ಅದೇ.

ಮೇರಿಲ್ಯಾಂಡಿನ ಈ ಗುಲಾಮನ ಒಡೆಯ ಥಾಮಸ್ ಆಲ್ಡ್. 1832ರಲ್ಲಿ ಒಂದು ಮೆಥಡಿಸ್ಟ್ ಪ್ರಾರ್ಥನಾ ಶಿಬಿರದಲ್ಲಿ ಆಲ್ಡನಿಗೆ ಭಕ್ತಿಯ ದೀಕ್ಷೆಯಾಯಿತು. ಇನ್ನಾದರೂ ಕರುಣೆ ತೋರಿಯಾನು ಎಂದು ಡಗ್ಲಸ್ ಆಸೆಪಟ್ಟ. ಆದದ್ದು ಬೇರೆ. ಮನೆಯಲ್ಲಿ ಎರಡು ಹೊತ್ತು ಪ್ರಾರ್ಥನೆ. ಅದೇ ಮನೆಯಲ್ಲಿ ಕೈ ಸುಟ್ಟು ಊನವಾಗಿದ್ದ ಗುಲಾಮ ಹುಡುಗಿಗೆ, ಶಾಸ್ತ್ರವಾಕ್ಯ ಹೇಳುತ್ತ ಚಾವಟಿಯೇಟು. ಡಗ್ಲಸ್ ಗುಲಾಮರಿಗೆ ಓದು ಕಲಿಸುತ್ತಿದ್ದ ಭಾನುವಾರದ ಶಾಲೆಯನ್ನು ಆಲ್ಡ್ ಮತ್ತು ಅವನ ಸಂಗಡಿಗರು ನುಗ್ಗಿ ಚದುರಿಸಿದರು.

1838ರಲ್ಲಿ ಡಗ್ಲಸ್ ತಪ್ಪಿಸಿಕೊಂಡು ಉತ್ತರಕ್ಕೆ ಹೋದ. ಸರಿಯಾಗಿ ಹತ್ತು ವರ್ಷದ ಮೇಲೆ ತನ್ನ ಪತ್ರಿಕೆಯಲ್ಲಿ ಆಲ್ಡನಿಗೊಂದು ಬಹಿರಂಗ ಪತ್ರ ಬರೆದ. ಬೆಂಕಿಯಂಥ ಪತ್ರವದು. ಆದರೂ ಅದರ ಕೊನೆಯಲ್ಲಿ ವೈಯಕ್ತಿಕ ದ್ವೇಷವಿಲ್ಲವೆಂದು ತಿಳಿಸಿ, ಆಲ್ಡನು ತನ್ನ ಮನೆಗೆ ಬಂದರೆ ಆದರಿಸುವೆನೆನ್ನುತ್ತಾನೆ. ನನಗೆ ಬಹಳ ಹಿಡಿಸುವ ಭಾಗವದು. ತನಗೊಂದು ಮನೆಯಿದೆ, ಅತಿಥಿಯನ್ನು ಕರೆಯುವ ಅಧಿಕಾರವಿದೆ ಎಂದು ಹಳೆಯ ಒಡೆಯನಿಗೆ ತಿಳಿಸುವ ರೀತಿ ಅದು. ಬಾಗಿ ನಿಂತವನು ಕ್ಷಮಿಸಿದೆನೆಂದರೆ ಅದು ಬರಿಯ ಅಂಜಿಕೆಯೆನಿಸಿಕೊಳ್ಳುತ್ತದೆ. ಡಗ್ಲಸ್ ಮೊದಲು ನೆಟ್ಟಗೆ ನಿಂತುಕೊಂಡ.

ಭೇಟಿಯಾದದ್ದು 1877ರಲ್ಲಿ, ಸೇಂಟ್ ಮೈಕಲ್ಸ್ ಊರಿನಲ್ಲಿ. ಆಲ್ಡ್ ಹಾಸಿಗೆ ಹಿಡಿದಿದ್ದ, ಕೈಗಳು ನಡುಗುತ್ತಿದ್ದವು. ಡಗ್ಲಸ್ ಆಗ ರಾಜಧಾನಿ ವಾಷಿಂಗ್ಟನ್ನಿನ ಮಾರ್ಷಲ್ ಪದವಿಯಲ್ಲಿದ್ದ. ಆಲ್ಡ್ ಅವನನ್ನು ಆ ಪದವಿಯಿಂದಲೇ ಸಂಬೋಧಿಸಿದ. ನಮ್ಮ ಕನ್ನಡದಲ್ಲಾಗಿದ್ದರೆ 'ನೀನು' ಹೋಗಿ 'ತಾವು' ಬಂದಂತೆ. ಡಗ್ಲಸ್ ತಡೆದು, ನಿಮಗೆ ನಾನು ಹಿಂದಿನ ಫ್ರೆಡರಿಕ್ ಆಗಿಯೇ ಇರಲಿ ಎಂದ. ಇಬ್ಬರ ಕಣ್ಣೂ ತುಂಬಿತು. ನಾನು ಓಡಿದ್ದು ನಿಮ್ಮಿಂದಲ್ಲ, ಗುಲಾಮಗಿರಿಯಿಂದ ಎಂದು ಡಗ್ಲಸ್ ಹೇಳಿದರೆ, ನಿನ್ನ ಜಾಗದಲ್ಲಿದ್ದಿದ್ದರೆ ನಾನೂ ಹಾಗೆಯೇ ಮಾಡುತ್ತಿದ್ದೆನೆಂದು ಆಲ್ಡ್ ಒಪ್ಪಿಕೊಂಡ. ತನ್ನ ಅಜ್ಜಿಯನ್ನು ಆಲ್ಡ್ ನಿರಾಶ್ರಿತಳಾಗಿ ಬಿಟ್ಟನೆಂದು ಹಿಂದೆ ಬರೆದದ್ದು ತಪ್ಪೆಂದು ಡಗ್ಲಸ್ ಕೂಡ ಒಪ್ಪಿಕೊಂಡ.

ಭೇಟಿ ನಡೆದದ್ದು ಸುಮಾರು ಇಪ್ಪತ್ತು ನಿಮಿಷ. ಅದರಲ್ಲಿ ಡಗ್ಲಸ್ ಇನ್ನೊಂದು ಮಾತು ಕೇಳಿದ: ನಾನು ಹುಟ್ಟಿದ್ದು ಯಾವಾಗ? ಗುಲಾಮರಿಗೆ ಅದನ್ನು ತಿಳಿಸುವ ವಾಡಿಕೆಯೇ ಇರಲಿಲ್ಲ. ಆಲ್ಡ್ ನೆನಪಿಸಿಕೊಂಡು ಹೇಳಿದ: 1818ರ ಫೆಬ್ರವರಿ.